ಲಾರಿ ಬಂದ ಹೊತ್ತು, ಹೊರಟ ಹೊತ್ತು: ವೆಬ್ ಪುಟದಲ್ಲಿ ಸಮಯ ಪರೀಕ್ಷಿಸಿದ ನನ್ನ ಅನುಭವ

ದಾವಣಗೆರೆ ಹತ್ತಿರದ ಒಂದು ಅಕ್ಕಿ ಗಿರಣಿಗೆ ಲಾರಿಗಳ ಲೆಕ್ಕ ಇಡುವ ವೆಬ್ ಪುಟ ಮಾಡಿಕೊಟ್ಟೆ. ಲಾರಿ ಒಳಗೆ ಬಂದ ಸಮಯ, ತೂಕ, ಹೊರಟ ಸಮಯ. ಕೇಳೋದಕ್ಕೆ ಸಣ್ಣ ಕೆಲಸ. ಆದರೆ ಭದ್ರಾ ನಾಲೆ ಕಡೆಯ ಭತ್ತ ಕೊಯ್ಲಿಗೆ ಬಂದಾಗ ಲಾರಿಗಳು ರಾತ್ರಿಯಿಡೀ ಗೇಟಿನಲ್ಲಿ ನಿಲ್ಲುತ್ತವೆ, ಇಷ್ಟು ಗಂಟೆ ದಾಟಿದರೆ ಹಾಲ್ಟಿಂಗ್, ಅಂದರೆ ಲಾರಿ ಕಾಯಿಸಿದ್ದಕ್ಕೆ ದುಡ್ಡು, ಕೊಡಬೇಕು ಅಂತ ಮಾತಾಗಿರುತ್ತದೆ, ಆ ದುಡ್ಡಿನ ಲೆಕ್ಕ ಪೂರ್ತಿ ಈ ಎರಡು ಸಮಯಗಳ ಮೇಲೆ ನಿಂತಿದೆ. ಒಂದು ತಪ್ಪಾದರೂ ಡ್ರೈವರಿಗೋ ಗಿರಣಿಗೋ ಅನ್ಯಾಯ. ಅದಕ್ಕೇ ಉಳಿದ ಪುಟಕ್ಕಿಂತ ಆ ಎರಡು ಬಾಕ್ಸಿಗೇ ಜಾಸ್ತಿ ತಲೆ ಕೊಟ್ಟೆ.

ಮೊದಲು ಕೋಡ್ ಬರೆಯಲಿಲ್ಲ. ಗೇಟಿನ ಹಳೇ ರಿಜಿಸ್ಟರ್ ತೆಗೆದು ಕೂತೆ. ರೈಟರ್‌ಗಳು (ಗೇಟಿನಲ್ಲಿ ಲೆಕ್ಕ ಬರೆಯುವವರು) ಬರೆದದ್ದು ಹೀಗಿತ್ತು: 10.30, 10-30, 1030, 22.30, ರಾತ್ರಿ 10.30, ೧೦.೩೦, 7.5. ಇವರಾರೂ ತಪ್ಪು ಬರೆದಿಲ್ಲ, ಅವರವರಿಗೆ ಅರ್ಥವಾಗುವ ಹಾಗೇ ಬರೆದಿದ್ದಾರೆ. ಓದಿಕೊಳ್ಳೋದು ಪುಟದ ಕೆಲಸ. 10:30 ಅಂತ ನಡುವೆ ಎರಡು ಚುಕ್ಕಿ ಹಾಕಲಿಲ್ಲ ಅಂತ ಕೆಂಪು ಅಕ್ಷರದಲ್ಲಿ ಬೈಯೋ ಪುಟ ನನಗೆ ಬೇಡವಾಗಿತ್ತು.

ಬ್ರೌಸರಿನಲ್ಲೇ ಟೈಮ್ ಇನ್‌ಪುಟ್, ಅಂದರೆ ಸಮಯಕ್ಕೇ ಅಂತ ಇರುವ ಬಾಕ್ಸ್, ಇದೆಯಲ್ವಾ ಅಂತ ಕೇಳುತ್ತೀರಿ. ಇದೆ, ಚೆನ್ನಾಗಿಯೂ ಇದೆ. ತೆರೆಯ ಮೇಲೆ 12 ಗಂಟೆಯ ಲೆಕ್ಕದಲ್ಲಿ ತೋರಿಸಿದರೂ ಒಳಗೆ ಕೊಡುವ ಬೆಲೆ ಯಾವಾಗಲೂ 24 ಗಂಟೆಯದು, 22:30 ಅಂತ. ಮಿನ್, ಮ್ಯಾಕ್ಸ್ ಅಂತ ಕೆಳಗಿನ, ಮೇಲಿನ ಮಿತಿ ಹಾಕಬಹುದು. ಮಿನ್ 22:00, ಮ್ಯಾಕ್ಸ್ 06:00 ಅಂತ ತಿರುವುಮುರುವು ಕೊಟ್ಟರೆ ಮಧ್ಯರಾತ್ರಿ ದಾಟುವ ಪಾಳಿ ಅಂತಲೇ ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ನಿಯಮ ಹೇಳುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಫೋನಿನಲ್ಲಿ ನಾನೂ ಅದನ್ನೇ ಇಟ್ಟೆ. ಗೇಟಿನ ಕಂಪ್ಯೂಟರಿನಲ್ಲಿ ಮಾತ್ರ ಆಗಲಿಲ್ಲ. ಅಲ್ಲಿ ಕೈ ಓಡುತ್ತಿರುತ್ತದೆ, 10 30 ಹೊಡೆದು ಎಎಂ ಪಿಎಂ ಬಿಟ್ಟು ಮುಂದಕ್ಕೆ ಹೋಗುತ್ತಾರೆ. ಒಂದು ಭಾಗ ಬಿಟ್ಟುಹೋದರೂ ಬ್ರೌಸರ್ ಕೊಡೋದು ಖಾಲಿ ಬೆಲೆ, ಅವರು ಹೊಡೆದದ್ದು ಏನು ಅಂತ ಕೋಡಿಗೆ ಗೊತ್ತೇ ಆಗೋದಿಲ್ಲ. ಹಾಗಾಗಿ ಅಲ್ಲಿ ಸಾದಾ ಟೆಕ್ಸ್ಟ್ ಬಾಕ್ಸ್.

ಇನ್ನು 10.30. ಅದನ್ನು ಎಂದೂ ನಂಬರ್ ಮಾಡಬೇಡಿ. ನಂಬರ್ ಮಾಡಿದ ಕೂಡಲೇ ಅದು 10.3 ಆಗುತ್ತದೆ, ಕೊನೆಯ ಸೊನ್ನೆ ಹೋಯಿತು. ಆಮೇಲೆ ಅದು ಹತ್ತೂವರೆಯೋ ಹತ್ತು ಗಂಟೆ ಮೂರು ನಿಮಿಷವೋ ಹೇಳೋರು ಯಾರು? ಕೊನೇವರೆಗೂ ಅಕ್ಷರವಾಗಿಯೇ ಇಟ್ಟುಕೊಂಡೆ. 7.5 ಬಗ್ಗೆ ಒಬ್ಬ ರೈಟರನ್ನೇ ಕೇಳಿದೆ, "ಅಣ್ಣಾ, ಇದೆಷ್ಟು?" ಅಂತ. "ಏಳು ಐದು ರೀ" ಅಂದರು. ಪಕ್ಕದಲ್ಲಿದ್ದವರು "ಅಲ್ರೀ, ಏಳೂವರೆ ಅದು" ಅಂದರು. ಅಲ್ಲಿಗೆ ತೀರ್ಮಾನವಾಯಿತು: ನಿಮಿಷ ಎರಡಂಕಿ ಇಲ್ಲದಿದ್ದರೆ ಊಹೆ ಮಾಡುವ ಹಾಗಿಲ್ಲ, ವಾಪಸ್ ಕೇಳಬೇಕು.

ಕನ್ನಡ ಅಂಕಿಗಳ ವಿಷಯ ಬೇರೆ. ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟಿನ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ (ಅಕ್ಷರಗಳ ಮಾದರಿ ಹೊಂದಿಸಿ ನೋಡುವ ಸೂತ್ರ) ಅಂಕಿಯ ಗುರುತು ಅಂದರೆ 0 ಇಂದ 9 ಅಷ್ಟೇ, ೧೦ ಅಂಕಿಯೇ ಅಲ್ಲ. ಸರ್ವರಿನಲ್ಲಿ, ಅಂದರೆ ಲೆಕ್ಕ ಉಳಿಸುವ ಆ ಕಡೆಯ ಕಂಪ್ಯೂಟರಿನಲ್ಲಿ, ಓಡುವ ಪೈಥಾನ್‌ನಲ್ಲಿ ಅದೇ ಗುರುತು ಕನ್ನಡ ಅಂಕಿಗೂ ಒಪ್ಪುತ್ತದೆ, ೨೨ ಅನ್ನು ನೇರ 22 ಅಂತ ಓದಿಕೊಳ್ಳುತ್ತದೆ. ಅಂದರೆ ಬ್ರೌಸರ್ ಬೇಡ ಅಂದದ್ದನ್ನು ಸರ್ವರ್ ಹೂಂ ಅನ್ನುತ್ತದೆ. ಎರಡೂ ಕಡೆ ಮೊದಲ ಹೆಜ್ಜೆಯಾಗಿ ಕನ್ನಡ ಅಂಕಿಗಳನ್ನು ಬದಲಿಸಿಬಿಟ್ಟೆ. ಆದರೂ ಒಂದೊಂದು ಸಾಲು ಓದಿಸಿಕೊಳ್ಳಲಿಲ್ಲ. ತೆರೆಯ ಮೇಲೆ ನೋಡಿದರೆ ಏನೂ ತಪ್ಪಿಲ್ಲ. ಒಂದೊಂದೇ ಅಕ್ಷರದ ಯುನಿಕೋಡ್ ಸಂಖ್ಯೆ (ಯಂತ್ರ ಆ ಅಕ್ಷರವನ್ನು ಗುರುತಿಸುವ ನಂಬರ್) ತೆಗೆದು ನೋಡಿದಾಗ, ಸೊನ್ನೆ ಇರಬೇಕಾದ ಜಾಗದಲ್ಲಿ ಅನುಸ್ವಾರ ಇತ್ತು. ಮತ್ತೊಂದರಲ್ಲಿ ಎರಡು ಚುಕ್ಕಿಯ ಬದಲು ವಿಸರ್ಗ, '೧೦ಃ೩೦' ಅಂತ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಸಮಯದ ಬಾಕ್ಸಿನಲ್ಲಿ ಅನುಸ್ವಾರಕ್ಕೂ ವಿಸರ್ಗಕ್ಕೂ ಬೇರೆ ಕೆಲಸ ಇಲ್ಲವಲ್ಲ, ಅಂಕಿಯ ಪಕ್ಕ ಬಂದರೆ ಒಂದನ್ನು ಸೊನ್ನೆ ಮಾಡಿ, ಇನ್ನೊಂದನ್ನು ಎರಡು ಚುಕ್ಕಿ ಮಾಡಿ. ಕನ್ನಡದಲ್ಲಿ ಫಾರ್ಮ್ ಮಾಡುವವರೆಲ್ಲ ಇದನ್ನು ಸೇರಿಸಿಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ಗಂಟೆ 0 ಇಂದ 23, ನಿಮಿಷ 0 ಇಂದ 59. ಇದನ್ನು ನೀವೇ ನೋಡಬೇಕು, ಬೇರೆಯವರ ಮೇಲೆ ಬಿಡಬೇಡಿ. ಜಾವಾಸ್ಕ್ರಿಪ್ಟಿನ ಡೇಟ್‌ಗೆ 2025ರ ಮೇ 12, 25 ಗಂಟೆ 70 ನಿಮಿಷ ಅಂತ ಬಿಡಿಬಿಡಿ ನಂಬರಾಗಿ ಕೊಟ್ಟರೆ ಎರರ್ ಬರೋದಿಲ್ಲ, ಸುಮ್ನೆ ಮೇ 13ರ 02:10 ಮಾಡಿ ಕೊಡುತ್ತದೆ. ಡೇಟಾಬೇಸ್ ತಡೆಯುತ್ತದೆ ಅಂದುಕೊಂಡರೆ ಅದೂ ಇಲ್ಲ. ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸಿನ ಟೈಮ್ ಕಾಲಂ 838 ಗಂಟೆವರೆಗೂ ಹಿಡಿಸುತ್ತದೆ, ಯಾಕಂದರೆ ಅದು ಅವಧಿಯನ್ನೂ ಇಡುವಂಥದ್ದು. 45:10 ಕೊಟ್ಟರೂ ತಕರಾರಿಲ್ಲ. ಇನ್ನೂ ಅಪಾಯ ಅಂದರೆ 2230 ಅಂತ ಹಾಗೇ ಕಳಿಸಿದರೆ ಅದು 22 ನಿಮಿಷ 30 ಸೆಕೆಂಡ್ ಅಂತ ಓದುತ್ತದೆ. ರಾತ್ರಿ ಹತ್ತೂವರೆಗೆ ಬಂದ ಲಾರಿ ಮಧ್ಯರಾತ್ರಿ ದಾಟಿದ ಮೇಲೆ ಬಂತು ಅಂತ ದಾಖಲಾಗುತ್ತದೆ.

'ರಾತ್ರಿ' ಅಂತ ಇದ್ದರೆ 12 ಕೂಡಿಸಿ ಅನ್ನೋದು ಸಾಲದು. ರಾತ್ರಿ 10 ಅಂದರೆ 22:00, ಸರಿ. ರಾತ್ರಿ 12 ಅಂದರೆ 00:00. ರಾತ್ರಿ 1 ಅಂದರೆ 01:00, 13:00 ಅಲ್ಲ. ತಾರೀಖೂ ಜಾರುತ್ತದೆ: ಸೋಮವಾರ ರಾತ್ರಿ ಒಂದು ಗಂಟೆಗೆ ಬಂತು ಅಂದರೆ ನಮ್ಮ ಮಾತಿನಲ್ಲಿ ಸೋಮವಾರ, ಕ್ಯಾಲೆಂಡರಿನಲ್ಲಿ ಮಂಗಳವಾರ. ಇದಕ್ಕೆ ಜಾಣ ಕೋಡ್ ಹುಡುಕೋದು ಬಿಟ್ಟು, ಓದಿಕೊಂಡದ್ದನ್ನು ಬಾಕ್ಸಿನ ಕೆಳಗೆ ಪೂರ್ತಿ ತೋರಿಸಿದೆ: 'ಮಂಗಳವಾರ, ಮೇ 13, ಬೆಳಗಿನ ಜಾವ 1:10'. ರೈಟರ್ ಅದರ ಮೇಲೊಮ್ಮೆ ಕಣ್ಣು ಹಾಯಿಸಿ ಎಂಟರ್ ಒತ್ತುತ್ತಾರೆ. ನನ್ನ ಲೆಕ್ಕದಲ್ಲಿ ಈ ಒಂದು ಸಾಲು ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚು ಕೆಲಸ ಮಾಡಿತು.

ಹೊರಟ ಸಮಯ ಬಂದ ಸಮಯಕ್ಕಿಂತ ಮುಂದೆ ಇರಬೇಕು ಅನ್ನೋ ಪರೀಕ್ಷೆಯನ್ನು ಎಲ್ಲರೂ ಬರೆಯುತ್ತಾರೆ. ಬರೀ ಸಮಯದ ಮೇಲೆ ಬರೆದರೆ 22:40ಕ್ಕೆ ಬಂದು 03:15ಕ್ಕೆ ಹೊರಟ ಲಾರಿ ತಪ್ಪಾಗುತ್ತದೆ. 24 ಗಂಟೆ ಕೂಡಿಸಿದರೆ 4 ಗಂಟೆ 35 ನಿಮಿಷ ಅಂತ ಸಿಗುತ್ತದೆ ನಿಜ, ಆದರೆ ಹಮಾಲರ ರಜೆ ಇದ್ದಾಗ ಲಾರಿ ಒಂದೂವರೆ ದಿನ ನಿಂತದ್ದೂ ಇದೆ. ತಾರೀಖನ್ನೂ ಜೊತೆಗೇ ಇಡಲೇಬೇಕು. ಅವಧಿ ತೀರಾ ಉದ್ದ ಬಂದರೆ ತಿರಸ್ಕರಿಸೋದಿಲ್ಲ, 'ಲಾರಿ ಇಷ್ಟು ಹೊತ್ತು ನಿಂತಿತ್ತಾ?' ಅಂತ ಕೇಳುತ್ತೇನೆ.

ಮುಂದಿನ ಸಮಯ ಬರೆಯಬಾರದು ಅನ್ನೋ ನಿಯಮವೂ ಬೇಕಿತ್ತು. ನಾನು ಬಾಡಿಗೆಗೆ ತೆಗೆದುಕೊಂಡ ಸರ್ವರಿನ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಮೂಲವಾದ ಸಮಯದಲ್ಲಿ, ಓಡುತ್ತದೆ, ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಮಧ್ಯರಾತ್ರಿಯಿಂದ ಬೆಳಗ್ಗೆ ಐದೂವರೆವರೆಗೆ ಸರ್ವರಿಗೆ ಇನ್ನೂ ನಿನ್ನೆ. ಲಾರಿಗಳು ಸಾಲುಗಟ್ಟಿ ನಿಲ್ಲೋ ಹೊತ್ತೂ ಅದೇ! ಅದಕ್ಕೇ ಹೋಲಿಸುವ ಮುಂಚೆ ಏಷ್ಯಾ/ಕೋಲ್ಕತಾ ಅಂತ ನಮ್ಮ ಕಾಲವಲಯ ಹೆಸರಿಸಿಯೇ 'ಈಗ' ಅನ್ನೋದನ್ನು ತೆಗೆಯುತ್ತೇನೆ. ಗೇಟಿನ ಕಂಪ್ಯೂಟರ್ ಗಡಿಯಾರ ಸ್ವಲ್ಪ ಮುಂದಿರಬಹುದು, ಅದಕ್ಕೆ ಕೆಲವು ನಿಮಿಷ ಸಡಿಲ ಬಿಟ್ಟಿದ್ದೇನೆ.

ಬ್ರೌಸರಿನಲ್ಲಿ ಮಾಡಿದ ಪರೀಕ್ಷೆಯೆಲ್ಲ ಬರೆಯುವವರ ಅನುಕೂಲಕ್ಕೆ. ಯಾರು ಬೇಕಾದರೂ ಅದನ್ನು ದಾಟಿ ನೇರ ಸರ್ವರಿಗೆ ಏನಾದರೂ ಕಳಿಸಬಹುದು. ದುಡ್ಡಿನ ವಿಷಯ, ಹಾಗಾಗಿ ಅಲ್ಲಿ ಎಲ್ಲವನ್ನೂ ಮತ್ತೆ ನೋಡುತ್ತೇನೆ. ರೈಟರ್ ಹೊಡೆದ ಅಕ್ಷರಗಳನ್ನೂ ಹಾಗೇ ಇನ್ನೊಂದು ಕಾಲಂನಲ್ಲಿ ಇಡುತ್ತೇನೆ. ಡ್ರೈವರ್ ಬಂದು "ನಾನು ಬಂದಿದ್ದು ಹತ್ತೂವರೆಗೆ" ಅಂತ ಜಗಳ ತೆಗೆದರೆ, ಪುಟ ಓದಿಕೊಂಡದ್ದನ್ನೂ ಗೇಟಿನಲ್ಲಿ ಬರೆದದ್ದನ್ನೂ ಪಕ್ಕಪಕ್ಕ ಇಟ್ಟು ತೋರಿಸಬಹುದು.