ಮಡಕೆಯಲ್ಲಿ ಬೆಳೆದ ಮಲಸೀಜಿಯಾ

"ತಲೆಹೊಟ್ಟಿನ ಯೀಸ್ಟ್ ನಮ್ಮಂಥ ಡಿಗ್ರಿ ಕಾಲೇಜಿನ ಲ್ಯಾಬಲ್ಲಿ ಬರಲ್ಲ ಬಿಡಿ ಮೇಡಂ" ಎಂದವರು ಒಬ್ಬಿಬ್ಬರಲ್ಲ. ಆ ಯೀಸ್ಟ್, ಅಂದರೆ ಮಲಸೀಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರ, ಈಗ ಬಂದಿದೆ. ಅದೂ ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ, ಬಿಸಿಯ ಜೊತೆ ತಂಪೂ ಮಾಡುವ ಬಿಓಡಿ ಇನ್‌ಕ್ಯುಬೇಟರ್ ಇಲ್ಲದೆ.

ಮೊದಲು ಎಲ್ಲರಂತೆ ಸಬೂರೋ ಅಗರ್ (ಶಿಲೀಂಧ್ರ ಬೆಳೆಸುವ ಮಾಮೂಲಿ ಮಾಧ್ಯಮ) ಮೇಲೆ ಆಲಿವ್ ಎಣ್ಣೆ ಸವರಿದೆ. ಪ್ಲೇಟ್ ತುಂಬ ಬರೀ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ. ಕ್ಲೋರಾಂಫೆನಿಕಾಲ್ ಆ್ಯಂಟಿಬಯಾಟಿಕ್ ಹಾಕಿದೆ, ಅದೂ ಹೋಗಿ ಪ್ಲೇಟ್ ಖಾಲಿ. ಎಣ್ಣೆ ಸವರಿದರೆ ಮಲಸೀಜಿಯಾದಲ್ಲಿ ಫರ್ಫರ್ ಎಂಬ ಜಾತಿ ಬರುತ್ತೆ, ಸರಿ. ಆದರೆ ತಲೆಯಲ್ಲಿ ಜಾಸ್ತಿ ಇರೋದು ಗ್ಲೋಬೋಸಾ, ರಿಸ್ಟ್ರಿಕ್ಟಾ ಜಾತಿಗಳು. ಅವಕ್ಕೆ ಅಷ್ಟು ಸಾಲದು.

ಇವಕ್ಕೆ ಒಗ್ಗುವ, ಕೊಬ್ಬಿನಂಶವಿರುವ ಮಾಡಿಫೈಡ್ ಡಿಕ್ಸನ್ ಅಗರ್ ಮಾಡೋಣ ಅಂದರೆ ರೆಡಿ ಪುಡಿಗೆ ದುಡ್ಡಿಲ್ಲ. ಮಾಲ್ಟ್ ಎಕ್ಸ್‌ಟ್ರಾಕ್ಟ್, ಪೆಪ್ಟೋನ್, ಗ್ಲಿಸರಾಲ್ ಸ್ಟಾಕಿನಲ್ಲಿದ್ದವು. ಆಕ್ಸ್ ಬೈಲ್, ಟ್ವೀನ್ 40, ಓಲಿಕ್ ಆಸಿಡ್ ಬಿಡಿಬಿಡಿಯಾಗಿ ತರಿಸಿದೆ. ಎಲ್ಲ ಸೇರಿ 4–5 ಸಾವಿರ ಆಗಿರಬೇಕು. ಲೀಟರಿಗೆ ಮಾಲ್ಟ್ 36 ಗ್ರಾಂ, ಬೈಲ್ 20 ಗ್ರಾಂ, ಟ್ವೀನ್ 10 ಎಂಎಲ್. ಟ್ವೀನನ್ನು ಯಾವಾಗ, ಹೇಗೆ ಸೇರಿಸ್ತೀನಿ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಚಳಿಗಾಲದಲ್ಲಿ ಚೆನ್ನಾಗಿ ಬಂತು. ಮಾರ್ಚ್ ಬಂದಿದ್ದೇ ತಡ, ಎಲ್ಲ ಕೈಕೊಟ್ಟಿತು. ಬೇಕಿರೋದು 32 ಡಿಗ್ರಿ. ನಮ್ಮ ಇನ್‌ಕ್ಯುಬೇಟರ್ ಬಿಸಿ ಮಾಡುತ್ತೆ, ತಂಪು ಮಾಡಲ್ಲ. ಲ್ಯಾಬೇ 37–38 ಇದ್ದರೆ ಅದಾದರೂ ಏನು ಮಾಡೀತು? ಗ್ಲೋಬೋಸಾಗೆ ಆ ಬಿಸಿ ಆಗಲ್ಲ. ಎರಡು ವಾರ ಇಡಬೇಕಾದ ಪ್ಲೇಟುಗಳು ವಾರದೊಳಗೇ ಒಣಗಿ ಹಪ್ಪಳದಂತಾದವು. ಬಿಓಡಿ ಕೊಟೇಶನ್ 60 ಸಾವಿರದ ಹತ್ತಿರ ಬಂತು. ಪ್ರಿನ್ಸಿಪಾಲರು ಕಾಗದ ನೋಡಿ ನಕ್ಕು ವಾಪಸ್ ಕೊಟ್ಟರು.

ಸಂತೆಗೆ ಹೋಗಿ ಒಂದು ದೊಡ್ಡ ಮಡಕೆ, ಅದರೊಳಗೆ ಕೂರುವ ಇನ್ನೊಂದು ತಂದೆ. 400 ರೂಪಾಯಿ ಚಿಲ್ಲರೆ. ನಡುವೆ ಮರಳು ತುಂಬಿ ಬೆಳಿಗ್ಗೆ ಸಂಜೆ ನೀರು ಹಾಕಿದೆ. ಪ್ಲೇಟುಗಳನ್ನು ಸ್ಟೀಲ್ ಡಬ್ಬದಲ್ಲಿಟ್ಟು ಒಳಗೆ ಇಳಿಸಿ, ಬಾಯಿಗೆ ಒದ್ದೆ ಗೋಣಿಚೀಲ ಮುಚ್ಚಿದೆ. ಥರ್ಮಾಮೀಟರ್ 30–32ರಲ್ಲೇ ಆಡಿಕೊಂಡಿತ್ತು. ಅಗರ್ ಒಣಗಲೂ ಇಲ್ಲ. ಬೂಸ್ಟು ಹಿಡಿಯುತ್ತೆ ಎಂದು ಸ್ಟಾಫ್ ರೂಮಿನಲ್ಲಿ ಹೆದರಿಸಿದ್ದರು. ಅಗರಿನಲ್ಲಿ ಬೂಸ್ಟು ತಡೆಯುವ ಸೈಕ್ಲೊಹೆಕ್ಸಿಮೈಡ್ ಇತ್ತಲ್ಲ, ಒಂದೆರಡು ಪ್ಲೇಟಿಗೆ ಬಿಟ್ಟರೆ ಹಿಡಿಯಲಿಲ್ಲ. ಮಳೆಗಾಲದಲ್ಲಿ ಈ ಉಪಾಯ ನಡೆಯಲ್ಲ, ಆಗ ಬೇಕಾಗೋದೂ ಇಲ್ಲ.

ವಾರ ಕಳೆದ ಮೇಲೆ ಕೆನೆ ಬಣ್ಣದ ಒರಟು ಕಾಲೊನಿಗಳು ಕಂಡವು. ಲೂಪ್ ತಾಗಿಸಿದರೆ ಪುಡಿಪುಡಿ. ಮೈಕ್ರೋಸ್ಕೋಪಿನಲ್ಲಿ ದುಂಡನೆಯ ಕೋಶ, ಸಣ್ಣ ಕತ್ತಿನ ಮೊಗ್ಗು. ಗ್ಲೋಬೋಸಾ!

ಸ್ಯಾಂಪಲ್ ವಿಷಯ: ಸ್ವಾಬ್ ಫ್ರಿಜ್ಜಿನಲ್ಲಿಟ್ಟರೆ ಕೆಲಸ ಕೆಟ್ಟಿತು. ತಲೆಯಿಂದ ನೇರ ಪ್ಲೇಟಿಗೆ ಬರಬೇಕು. ಯೀಸ್ಟ್ ಕೊಲ್ಲುವ ಕೀಟೊಕೊನಜೋಲ್ ಶಾಂಪೂ ಹಾಕುವ ಹುಡುಗರನ್ನು ಮೊದಲೇ ಬಿಡಿ.

ನಡುವೆ ಸುಮ್ನೆ ಕುತೂಹಲಕ್ಕೆ ನಮ್ಮ ಮನೆ ನಾಯಿಯ ಕಿವಿಯ ಗುಗ್ಗೆ ತೆಗೆದು ಹಚ್ಚಿದೆ. ಎಣ್ಣೆಯಿಲ್ಲದ ಸಬೂರೋ ಮೇಲೆ ಮೂರ್ನಾಲ್ಕು ದಿನಕ್ಕೇ ಪ್ಯಾಕಿಡರ್ಮಾಟಿಸ್, ಅಂದರೆ ಎಣ್ಣೆ ಹಾಕದಿದ್ದರೂ ಬೆಳೆಯುವ ಮಲಸೀಜಿಯಾ ಜಾತಿ, ಎದ್ದು ನಿಂತಿತು. ವಿದ್ಯಾರ್ಥಿಗಳಿಗೆ ತೋರಿಸೋಕೆ ಇದೇ ಸುಲಭ.

ಹೊಟ್ಟಿಲ್ಲದ ತಲೆಗಳಲ್ಲೂ ಯೀಸ್ಟ್ ಬಂತು. ಎಕ್ಸ್‌ಟರ್ನಲ್ ಎಕ್ಸಾಮಿನರ್ ಕಂಟಾಮಿನೇಶನ್, ಅಂದರೆ ಹೊರಗಿನಿಂದ ಸೇರಿಕೊಂಡಿದ್ದು, ಅಂದುಬಿಟ್ಟರು. ಅಲ್ಲ ಸ್ವಾಮಿ, ಇದು ಎಲ್ಲರ ತಲೆಯಲ್ಲೂ ಇರೋದೇ. ನಮ್ಮ ಚರ್ಮದ ಎಣ್ಣೆ ಒಡೆದು ತಿನ್ನುವಾಗ ಇದು ಓಲಿಕ್ ಆಸಿಡ್ ಉಳಿಸುತ್ತೆ, ಕೆಲವರ ಚರ್ಮಕ್ಕೆ ಅದು ಆಗಿಬರಲ್ಲ, ಅಂಥವರಿಗೆ ಹೊಟ್ಟು.

ರಿಸ್ಟ್ರಿಕ್ಟಾ ಇನ್ನೂ ಸತಾಯಿಸ್ತಿದೆ. ಒಮ್ಮೆ ಬಂತು, ಕ್ಯಾಟಲೇಸ್ ನೆಗೆಟಿವ್ (ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಗುಳ್ಳೆ ಬರಲ್ಲ, ಅದೇ ಇದರ ಗುರುತು) ಅಂತ ಖುಷಿಪಟ್ಟೆ, ಸಬ್‌ಕಲ್ಚರಿನಲ್ಲಿ ಸತ್ತುಹೋಯಿತು. ಮುಂದಿನ ಸಲ ಮಲಸೀಜಿಯಾ ಬೆಳೆಸುವ ಇನ್ನೊಂದು ಮಾಧ್ಯಮ, ಲೀಮಿಂಗ್-ನಾಟ್ಮನ್ ಅಗರ್ ಮಾಡಿ ನೋಡಬೇಕು. ಅದಕ್ಕೆ ಬೇಕಾದ ಹಸುವಿನ ಹಾಲಂತೂ ಗೇಟಿನ ಮುಂದಿನ ನಂದಿನಿ ಬೂತಿನಲ್ಲೇ ಸಿಗುತ್ತೆ.