ಬೂಟ್ ಆಗದ ಪೆನ್‌ಡ್ರೈವ್ ಮತ್ತು ಹದಿನಾಲ್ಕು ಲ್ಯಾಪ್‌ಟಾಪ್‌ಗಳು: ನನ್ನ ಅನುಭವ

ತುಮಕೂರಿನಲ್ಲಿರುವ ನನ್ನ ರಿಪೇರಿ ಅಂಗಡಿಗೆ ಕಳೆದ ವರ್ಷ ಹದಿನಾಲ್ಕು ಹಳೆಯ ಚಿಕ್ಕ ಲ್ಯಾಪ್‌ಟಾಪ್‌ಗಳನ್ನು, ಒಂದಕ್ಕೆ ಹೆಚ್ಚುಕಡಿಮೆ 1,800 ರೂಪಾಯಿಯಂತೆ, ಒಟ್ಟಿಗೇ ತಂದೆ. ಎಲ್ಲವೂ ಆಟಮ್ ಝಡ್3735ಎಫ್ ಪ್ರೊಸೆಸರ್, 2 ಜಿಬಿ ರ್‍ಯಾಮ್, 32 ಜಿಬಿ ಇಎಂಎಂಸಿ (ಬೋರ್ಡ್‌ಗೇ ಅಂಟಿದ ಸಂಗ್ರಹದ ಚಿಪ್) ಇದ್ದಂಥವು. ಯಾವ ಬೂಟಬಲ್ (ಲ್ಯಾಪ್‌ಟಾಪನ್ನು ತನ್ನಿಂದಲೇ ಆರಂಭಿಸಬಲ್ಲ) ಪೆನ್‌ಡ್ರೈವ್ ಹಾಕಿದರೂ ಬೂಟ್ ಮೆನುವಿನಲ್ಲಿ ಅದರ ಹೆಸರೇ ಕಾಣುತ್ತಿರಲಿಲ್ಲ. ಪಕ್ಕದ ಅಂಗಡಿಯ ಹಿರಿಯರು ಬಂದು ನೋಡಿ, “ಇವು ಗುಜರಿ ಮಾಲು ಕಣಪ್ಪ, ತೂಕಕ್ಕೆ ಹಾಕ್ಬಿಡು” ಎಂದರು.

ಸಹಿ ಇಲ್ಲದ ಬೂಟ್ ಫೈಲನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡುವುದು, ಪೆನ್‌ಡ್ರೈವ್‌ನ ವಿಭಾಗಪಟ್ಟಿಯನ್ನು ಜಿಪಿಟಿ ಬಿಟ್ಟು ಹಳೆಯ ಎಂಬಿಆರ್ ಮಾಡುವುದು ಮುಂತಾಗಿ ಈ ಕಸುಬಿನವರೆಲ್ಲ ಮಾಡುವುದನ್ನೇ ನಾನೂ ಮಾಡಿ ಸೋತೆ. ಹಳೆಯ ಬಯೋಸ್ ರೀತಿಯಲ್ಲಿ ಬೂಟ್ ಮಾಡುವ ಲೆಗಸಿ ಆಯ್ಕೆ ಇವುಗಳಲ್ಲಿ ಇರಲೇ ಇಲ್ಲ. ನಾಲ್ಕನೆಯ ರಾತ್ರಿ ಹೊಳೆಯಿತು: ಪ್ರೊಸೆಸರ್ 64 ಬಿಟ್‌ನದಾದರೂ ಇವುಗಳ ಯುಇಎಫ್‌ಐ (ಆನ್ ಮಾಡಿದೊಡನೆ ಮೊದಲು ಓಡಿ ಬೂಟ್ ಮಾಡಿಸುವ ಒಳಗಿನ ತಂತ್ರಾಂಶ) 32 ಬಿಟ್‌ನದು. ಅದು ಪೆನ್‌ಡ್ರೈವ್‌ನಲ್ಲಿ ಬೂಟ್‌ಐಎ32.ಇಎಫ್‌ಐ ಎಂಬ ಫೈಲನ್ನು ಹುಡುಕುತ್ತದೆ. ನನ್ನ ಪೆನ್‌ಡ್ರೈವ್‌ಗಳಲ್ಲಿ ಇದ್ದದ್ದು ಬೂಟ್‌ಎಕ್ಸ್64, ಅಂದರೆ 64 ಬಿಟ್‌ನ ಫೈಲ್ ಮಾತ್ರ.

32 ಬಿಟ್‌ನ ವಿಂಡೋಸ್ 10 ಬರೆದು ಹಾಕಿದ ಕೂಡಲೇ ಮೆನುವಿನಲ್ಲಿ ಹೆಸರು ಬಂತು, ಇನ್‌ಸ್ಟಾಲ್ ಆರಂಭವಾಯಿತು, ಸುಮಾರು ಅರವತ್ತು ಶೇಕಡಾಕ್ಕೆ ಬಂದು ನಿಂತಿತು. ಇನ್ನೊಂದು ಲ್ಯಾಪ್‌ಟಾಪ್‌ನಲ್ಲೂ ಅಲ್ಲಿಯೇ ನಿಂತಾಗ ನನ್ನ ಲೆಕ್ಕವೇ ತಪ್ಪೆಂದುಕೊಂಡು ಒಂದು ವಾರ ಕೈಬಿಟ್ಟೆ. ಆ ವಾರ ಹಾಳಾದದ್ದಕ್ಕೆ ಕಾರಣ, 220 ರೂಪಾಯಿಗೊಂದರಂತೆ ತಂದಿದ್ದ ಐದು ‘64 ಜಿಬಿ’ ಪೆನ್‌ಡ್ರೈವ್‌ಗಳು. ನಿಜವಾದ ಜಾಗ ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪ್ರೋಗ್ರಾಂ ಹಾಕಿ ಪೂರ್ತಿ ಬರೆಸಿ ಓದಿಸಿದಾಗ ಅವುಗಳಲ್ಲಿ ನಿಜವಾಗಿ ಇದ್ದ ಜಾಗ ಮೂರೂವರೆ ಜಿಬಿಯ ಆಸುಪಾಸು. ಅದನ್ನು ಮೀರಿ ಬರೆದದ್ದೆಲ್ಲ, ತಪ್ಪಿನ ಸಂದೇಶವೂ ಇಲ್ಲದೆ, ಎಲ್ಲಿಗೋ ಹೋಗುತ್ತಿತ್ತು. ಒಂದು ದೋಷವನ್ನು ಸರಿಪಡಿಸಿದಾಗ ಅದರ ಹಿಂದೆ ಅಡಗಿದ್ದ ಎರಡನೆಯದು ಕಾಣಿಸಿತ್ತಷ್ಟೇ. ಒಳ್ಳೆಯ 16 ಜಿಬಿಯದನ್ನು 400 ರೂಪಾಯಿ ಕೊಟ್ಟು ತಂದೆ. ಮೊದಲ ಸಲಕ್ಕೇ ಇನ್‌ಸ್ಟಾಲ್ ಮುಗಿಯಿತು.

ಆದರೆ 2 ಜಿಬಿ ರ್‍ಯಾಮ್‌ನಲ್ಲಿ ವಿಂಡೋಸ್ ತೆವಳುತ್ತಿತ್ತು, ಅಪ್‌ಡೇಟ್‌ಗಳೇ ಇಎಂಎಂಸಿಯನ್ನು ತುಂಬಿಸಿಬಿಡುತ್ತಿದ್ದವು. ಹೀಗಾಗಿ 64 ಬಿಟ್‌ನ ಕ್ಸುಬುಂಟು ಎಂಬ ಹಗುರ ಲಿನಕ್ಸನ್ನು ಎಫ್‌ಎಟಿ32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, 32 ಬಿಟ್‌ನ ಗ್ರಬ್‌ನಿಂದ (ಲಿನಕ್ಸನ್ನು ಎಬ್ಬಿಸುವ ಬೂಟ್ ಪ್ರೋಗ್ರಾಂ) ಬೂಟ್‌ಐಎ32 ಫೈಲನ್ನು ತಯಾರಿಸಿ ಸೇರಿಸಿದೆ. ಇನ್‌ಸ್ಟಾಲ್ ಆದ ಮೇಲೂ ಇಎಂಎಂಸಿಯಲ್ಲಿ ಕೂರುವುದು 64 ಬಿಟ್‌ನ ಗ್ರಬ್ ಆದ್ದರಿಂದ ರೀಸ್ಟಾರ್ಟ್ ಮಾಡಿದರೆ ಮತ್ತೆ ಕಪ್ಪು ಪರದೆ. ಪೆನ್‌ಡ್ರೈವ್‌ನಿಂದಲೇ ಓಡುವ ಲೈವ್ ಕ್ಸುಬುಂಟುವಿನಿಂದ ಇನ್‌ಸ್ಟಾಲ್ ಆದದ್ದರ ಒಳಹೊಕ್ಕು ಗ್ರಬ್-ಇಎಫ್‌ಐ-ಐಎ32 ಪ್ಯಾಕೇಜ್ ಹಾಕಬೇಕು. ಒಂದೊಂದನ್ನೂ ಹೀಗೆ ಕೂತು ಮಾಡದೆ ಹದಿನಾಲ್ಕನ್ನೂ ಒಂದೇ ದಿನದಲ್ಲಿ ಮುಗಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ಅದು ಹೊಟ್ಟೆಪಾಡಿನ ಗುಟ್ಟು. ಫೋನಿನ ಹಳೆಯ ಮೆಮೊರಿ ಕಾರ್ಡನ್ನು ರೀಡರ್‌ಗೆ ಹಾಕಿಯೂ ಬೂಟ್ ಮಾಡಿಸಿ ನೋಡಿದೆ. ಆಗುತ್ತದೆ, ಆದರೆ ಡೆಸ್ಕ್‌ಟಾಪ್ ಬರುವಷ್ಟರಲ್ಲಿ ಒಂದು ಟೀ ಕುಡಿದು ಬರಬಹುದು.

ಒಂದರ ಬೋರ್ಡ್ ಸತ್ತಿತು, ಒಂದು ನನ್ನ ಬಿಲ್ಲಿಂಗ್‌ಗೆ ಉಳಿಯಿತು, ಉಳಿದ ಹನ್ನೆರಡು ಸುಮಾರು 4,500ರಂತೆ ಹೋದವು. ಹೋದ ತಿಂಗಳು ಅದೇ ಹಿರಿಯರು ಅದೇ ಪ್ರೊಸೆಸರ್‌ನ ಎರಡು ಟ್ಯಾಬ್ಲೆಟ್ ತಂದುಕೊಟ್ಟರು. ತಲಾ 300 ರೂಪಾಯಿ ತೆಗೆದುಕೊಂಡೇ ಸರಿಮಾಡಿಕೊಟ್ಟೆ.