ಮಕ್ಕಳಿಗೆ ಯುದ್ಧ, ಕ್ರಾಂತಿ ಹೇಳಿಕೊಡುವುದು ಹೇಗೆ? ಹಿಟ್ಲರ್‌ನಿಂದ ಮಾತ್ರ ಶುರು ಮಾಡಬೇಡಿ

ಒಂಬತ್ತನೇ ತರಗತಿಗೆ ಬಂದ ಮಗನನ್ನೋ ಮಗಳನ್ನೋ ಕೂರಿಸಿಕೊಂಡು "ಬಾ, ಮಹಾಯುದ್ಧ ಹೇಳಿಕೊಡ್ತೇನೆ" ಎಂದು ಹೊರಡುವ ಅಪ್ಪ ಅಮ್ಮಂದಿರು ಒಂದೋ ಹಿಟ್ಲರ್‌ನ ಮೀಸೆಯಿಂದ ಶುರು ಮಾಡುತ್ತಾರೆ, ಇಲ್ಲವೇ ಇಸವಿಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಹಿಟ್ಲರ್‌ನಿಂದ ಶುರು ಮಾಡಿದ ಮಕ್ಕಳು ಮೊದಲನೇ ಮಹಾಯುದ್ಧವನ್ನೂ ಅವನ ತಲೆಗೇ ಕಟ್ಟುತ್ತಾರೆ. ಇಸವಿ ಕಲಿತವರಿಗೆ ಪರೀಕ್ಷೆ ಮುಗಿದ ಮಾರನೇ ದಿನ ಏನೂ ನೆನಪಿರುವುದಿಲ್ಲ. ಟ್ಯೂಷನ್ನುಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ ನಾನು ನೋಡುತ್ತಾ ಬಂದದ್ದು ಇದನ್ನೇ. ಯಾರು ಗೆದ್ದರು, ಎಷ್ಟು ಜನ ಸತ್ತರು ಎನ್ನುವುದೆಲ್ಲ ಮಕ್ಕಳಿಗೆ ಮೊಬೈಲಿನಲ್ಲೇ ಸಿಗುತ್ತದೆ. ಆ ದಿನ ಆ ಜನ ಯಾಕೆ ಹಾಗೆ ತೀರ್ಮಾನ ಮಾಡಿದರು ಎನ್ನುವುದನ್ನು ಮಾತ್ರ ಯಾರಾದರೂ ಜತೆಗೆ ಕೂತು ಬಿಡಿಸಬೇಕು.

ಹೆಜ್ಜೆ 1: ಕುವೈತ್‌ನಿಂದ ಹಿಂದಕ್ಕೆ

ನಮ್ಮ ಕರಾವಳಿಯಲ್ಲಿ ಗಲ್ಫ್‌ಗೆ ಹೋದವರಿಲ್ಲದ ಕುಟುಂಬ ಕಡಿಮೆ. 1990ರಲ್ಲಿ ಕುವೈತ್‌ನಲ್ಲಿದ್ದ ದೊಡ್ಡಪ್ಪನೋ ಮಾವನೋ ಪಕ್ಕದ ಮನೆಯ ಆಂಟಿಯೋ ಹುಡುಕಿದರೆ ಸಿಗುತ್ತಾರೆ. ಮಕ್ಕಳನ್ನು ಮೊದಲು ಅವರ ಹತ್ತಿರ ಕಳಿಸಿ. ಆಗಸ್ಟ್ 2ರಂದು ಇರಾಕಿನ ಸೈನ್ಯ ಒಳಗೆ ಬಂದದ್ದು ನಿಮಗೆ ಹೇಗೆ ಗೊತ್ತಾಯಿತು? ಕೈಯಲ್ಲಿ ಏನು ಹಿಡಿದುಕೊಂಡು ಹೊರಟಿರಿ? ಏನನ್ನು ಬಿಟ್ಟು ಬಂದಿರಿ? ಈ ಮೂರು ಪ್ರಶ್ನೆ ಸಾಕು. ಜೋರ್ಡಾನಿನ ಅಮ್ಮಾನ್‌ವರೆಗೆ ರಸ್ತೆಯಲ್ಲಿ ಬಂದು, ಅಲ್ಲಿಂದ ಏರ್ ಇಂಡಿಯಾ ವಿಮಾನ ಹತ್ತಿದ ಕತೆ ಅವರೇ ಹೇಳುತ್ತಾರೆ. ಹಾಗೆ ಊರಿಗೆ ಬಂದ ಭಾರತೀಯರು ಸುಮಾರು 1,70,000 ಮಂದಿ.

ಆಮೇಲೆ "ಯಾಕೆ?" ಎಂದು ಕೇಳುತ್ತಾ ಹಿಂದಕ್ಕೆ ಹೋಗಿ. ಇರಾಕ್ ಯಾಕೆ ನುಗ್ಗಿತು? ಎಂಟು ವರ್ಷ ಇರಾನ್ ಜತೆ ಹೊಡೆದಾಡಿ ಸಾಲದಲ್ಲಿ ಮುಳುಗಿತ್ತು. ಕುವೈತ್‌ಗೂ ಸಾಲ ತೀರಿಸಬೇಕಿತ್ತು. ಎಣ್ಣೆಯ ಬೆಲೆ ಬೇರೆ ಇಳಿದಿತ್ತು. ಇರಾನ್ ಜತೆ ಯುದ್ಧ ಯಾಕೆ? 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ದೊರೆ ಷಾ ದೇಶ ಬಿಟ್ಟಿದ್ದ, ಮಾರನೇ ವರ್ಷ ಇರಾಕಿನ ಸದ್ದಾಂ ಹುಸೇನ್ ದಾಳಿ ಮಾಡಿದ. ಹನ್ನೊಂದೇ ವರ್ಷದಲ್ಲಿ ಒಂದು ಕ್ರಾಂತಿ, ಒಂದು ದೊಡ್ಡ ಯುದ್ಧ, ಒಂದು ಆಕ್ರಮಣ. ಒಂದರ ಬಾಲ ಇನ್ನೊಂದಕ್ಕೆ ಗಂಟು ಬಿದ್ದಿರುತ್ತದೆ ಎಂದು ನೀವು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ.

ಹೆಜ್ಜೆ 2: ನಕ್ಷೆ

1914ರ ಯುರೋಪಿನ ನಕ್ಷೆಯೊಂದನ್ನು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ, ಅಷ್ಟೇ. ಪುಸ್ತಕದಂಗಡಿಯಲ್ಲಿ ಸಿಗುವ ಲ್ಯಾಮಿನೇಟ್ ಮಾಡಿದ ಚಾರ್ಟ್ ಬೇಡ. ಅದರಲ್ಲಿರುವುದು ಇವತ್ತಿನ ಗಡಿಗಳು. ಆಸ್ಟ್ರಿಯಾ-ಹಂಗೇರಿ ಎಂಬ ದೇಶವನ್ನು ಮಗು ಅದರಲ್ಲಿ ಎಲ್ಲಿ ಅಂತ ಹುಡುಕಬೇಕು?

ಹೆಜ್ಜೆ 3: ಸುಲ್ತಾನ್ ಬತ್ತೇರಿಗೆ ಒಂದು ಸಂಜೆ

ಇದು ಸುಲಭದ ಹೆಜ್ಜೆ, ಹೆಚ್ಚಿನವರು ಐಸ್‌ಕ್ರೀಮ್ ತಿಂದು ಸೆಲ್ಫಿ ತೆಗೆದು ವಾಪಸ್ ಬರುತ್ತಾರೆ. ಹಾಗೆ ಮಾಡಬೇಡಿ. ಮಂಗಳೂರಿನ ಬೋಳೂರಿನಲ್ಲಿರುವ ಆ ಕಾವಲು ಬುರುಜಿನ ಹತ್ತಿರ ನಿಂತು ಅಮೆರಿಕದ ಕ್ರಾಂತಿಯ ಕತೆ ಹೇಳಿ. ಹೌದು, ಅಮೆರಿಕದ್ದೇ.

1776ರಲ್ಲಿ ಅಮೆರಿಕದ ವಸಾಹತುಗಳು ಬ್ರಿಟನ್ನಿನಿಂದ ಬಿಡಿಸಿಕೊಂಡೆವು ಎಂದು ಘೋಷಿಸಿದವು. 1778ರಲ್ಲಿ ಫ್ರಾನ್ಸ್ ಅವರ ಪರ ನಿಂತಿತು. ಅಲ್ಲಿಗೆ ಬ್ರಿಟನ್, ಫ್ರಾನ್ಸ್ ಎಲ್ಲೆಲ್ಲಿ ಎದುರುಬದುರಾಗಿದ್ದವೋ ಅಲ್ಲೆಲ್ಲ ಯುದ್ಧ. 1779ರಲ್ಲಿ ಬ್ರಿಟಿಷರು ನಮ್ಮ ದಕ್ಷಿಣಕ್ಕಿರುವ ಮಾಹೆಯನ್ನು ಫ್ರೆಂಚರಿಂದ ಕಿತ್ತುಕೊಂಡರು. ಹೈದರಾಲಿಗೆ ಸಿಟ್ಟು ಬಂತು, ಮಾಹೆ ತನ್ನ ರಕ್ಷಣೆಯಲ್ಲಿದೆ ಎಂದು ಅವನು ಮೊದಲೇ ಹೇಳಿದ್ದ. 1780ರಲ್ಲಿ ಎರಡನೇ ಮೈಸೂರು ಯುದ್ಧ ಶುರು. 1783ರಲ್ಲಿ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಜತೆಗೆ ಫ್ರೆಂಚ್ ಪಡೆಯೂ ಇತ್ತು. ನಡುವೆ ಯುರೋಪಿನಲ್ಲಿ ಬ್ರಿಟನ್, ಫ್ರಾನ್ಸ್ ಒಪ್ಪಂದ ಮಾಡಿಕೊಂಡ ಸುದ್ದಿ ಹಡಗಿನಲ್ಲಿ ಬಂದು ಮುಟ್ಟಿತು, ಫ್ರೆಂಚರು ಮುತ್ತಿಗೆ ಬಿಟ್ಟು ನಡೆದರು. 1784ರ ಮಾರ್ಚ್ 11ರಂದು ಇಲ್ಲೇ ಮಂಗಳೂರು ಒಪ್ಪಂದವಾಯಿತು. ಮುತ್ತಿಗೆ ನಡೆದದ್ದು ಈ ಬತ್ತೇರಿಗೆ ಅಲ್ಲ, ಮಂಗಳೂರು ಕೋಟೆಗೆ, ಅದು ಈಗಿಲ್ಲ. ಇದನ್ನೂ ಹೇಳಿಬಿಡಿ, ಇಲ್ಲವಾದರೆ ಮಕ್ಕಳು ತಪ್ಪು ಜಾಗವನ್ನು ತಲೆಯಲ್ಲಿಟ್ಟುಕೊಳ್ಳುತ್ತಾರೆ.

"ಟಿಪ್ಪು ಒಳ್ಳೆಯವನಾ, ಕೆಟ್ಟವನಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ವಾಟ್ಸ್ಆ್ಯಪ್ ಫಾರ್ವರ್ಡ್ ಓದಿ ಉತ್ತರಿಸಬೇಡಿ. ಅದೇ 1784ರಲ್ಲಿ ಇಲ್ಲಿನ ಸಾವಿರಾರು ಕ್ಯಾಥೊಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದನ್ನೂ ಹೇಳಿ, ಬ್ರಿಟಿಷರನ್ನು ಸಂಧಿಗೆ ಕೂರಿಸಿದ್ದನ್ನೂ ಹೇಳಿ. ಎರಡನ್ನೂ ಒಟ್ಟಿಗೆ ಕೇಳುವಷ್ಟು ಹದಿನಾಲ್ಕರ ಮಕ್ಕಳು ದೊಡ್ಡವರಾಗಿರುತ್ತಾರೆ.

ಹೆಜ್ಜೆ 4: 1914ರ ಜುಲೈ. ಕೆಡುವುದು ಇಲ್ಲೇ

ಒಂದು ಕೊಲೆ ಆಯಿತು, ಅದರಿಂದ ಮಹಾಯುದ್ಧ ಆಯಿತು. ಪಾಠ ಹೇಳುವವರು ಈ ಒಂದು ವಾಕ್ಯದಲ್ಲಿ ಮುಗಿಸಿ ಕಂದಕಗಳಿಗೆ ಹಾರುತ್ತಾರೆ. ನಡುವಿನ ಐದು ವಾರ ಎಲ್ಲಿ ಹೋಯಿತು? ನನ್ನ ಕೇಳಿದರೆ ಇಡೀ ಆಧುನಿಕ ಇತಿಹಾಸದಲ್ಲಿ ಮಕ್ಕಳ ಜತೆ ನಿಧಾನವಾಗಿ ಕೂರಬೇಕಾದ ಜಾಗ ಇದು.

ಇದಕ್ಕೆ ಡೀಸಿ ಮಳೆ ರಜೆ ಕೊಟ್ಟ ದಿನವೇ ಸರಿ. ತಾರೀಕೂ ಹೊಂದುತ್ತದೆ, ಹೊರಗೆ ಹೋಗುವ ಹಾಗೂ ಇಲ್ಲ. ಅಕ್ಕಪಕ್ಕದ ಮನೆಯವರನ್ನೂ ಸೇರಿಸಿ ಆರು ಮಕ್ಕಳನ್ನು ಕೂರಿಸಿ. ಮೊಬೈಲುಗಳೆಲ್ಲ ಒಳಗಿನ ಕೋಣೆಯಲ್ಲಿರಲಿ. ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಚೀಟಿಯಲ್ಲಿ ಇರಬೇಕಾದ್ದು ಆ ದೇಶಕ್ಕೆ ಯಾವುದರ ಭಯ, ಯಾರಿಗೆ ಮಾತು ಕೊಟ್ಟಿದೆ ಎನ್ನುವುದು. ಕೊನೆಗೆ ಏನಾಯಿತು ಎಂದು ಬರೆಯಲೇಬಾರದು.

ಆಸ್ಟ್ರಿಯಾ-ಹಂಗೇರಿಗೆ: ನಿಮ್ಮ ಯುವರಾಜನನ್ನು ಕೊಂದಿದ್ದಾರೆ. ನಿಮ್ಮೊಳಗೆ ಹತ್ತಾರು ಭಾಷೆಯ ಜನ. ಸುಮ್ಮನಿದ್ದರೆ ಒಬ್ಬೊಬ್ಬರೇ ಎದ್ದು ಹೊರಡುತ್ತಾರೆ ಎಂಬ ಭಯ. ಸರ್ಬಿಯಾಕ್ಕೆ: ಎರಡು ಬಾಲ್ಕನ್ ಯುದ್ಧ ಮುಗಿಸಿ ಸುಸ್ತಾಗಿದ್ದೀರಿ, ರಷ್ಯಾ ಬೆನ್ನಿಗಿದೆ ಎಂಬ ನಂಬಿಕೆ. ರಷ್ಯಾಕ್ಕೆ: 1905ರಲ್ಲಿ ಜಪಾನಿನ ಎದುರು ಸೋತು ಮಾನ ಹೋಗಿದೆ, ಸೈನ್ಯ ದೊಡ್ಡದು, ಆದರೆ ಸೇರಿಸಲು ವಾರಗಳು ಬೇಕು. ಜರ್ಮನಿಗೆ: ಒಂದು ಕಡೆ ಫ್ರಾನ್ಸ್, ಇನ್ನೊಂದು ಕಡೆ ರಷ್ಯಾ. ರಷ್ಯಾ ಸಿದ್ಧವಾಗುವ ಮೊದಲು ಬೆಲ್ಜಿಯಂ ಮೂಲಕ ನುಗ್ಗಿ ಫ್ರಾನ್ಸನ್ನು ಮುಗಿಸುವ ಯೋಜನೆ ನಿಮ್ಮಲ್ಲಿದೆ. ಫ್ರಾನ್ಸ್‌ಗೆ: 1871ರಲ್ಲಿ ಆಲ್ಸೇಸ್ ಮತ್ತು ಲೊರೇನ್‌ನ ಭಾಗ ಕಳೆದುಕೊಂಡಿದ್ದೀರಿ, ರಷ್ಯಾಕ್ಕೆ ಮಾತು ಕೊಟ್ಟಿದ್ದೀರಿ. ಬ್ರಿಟನ್‌ಗೆ: ಇದು ನಿಮ್ಮ ಜಗಳವಲ್ಲ, ಆದರೆ ಬೆಲ್ಜಿಯಂನ್ನು ಯಾರೂ ಮುಟ್ಟಬಾರದು ಎಂಬ 1839ರ ಒಪ್ಪಂದದಲ್ಲಿ ನಿಮ್ಮ ಸಹಿ ಇದೆ.

ಈಗ ಜೂನ್ 28. ಸರಾಯೆವೊದಲ್ಲಿ ಯುವರಾಜ ಫ್ರಾನ್ಸ್ ಫರ್ಡಿನಾಂಡ್ ಮತ್ತು ಹೆಂಡತಿ ಸೋಫಿಗೆ ಗುಂಡು ಹೊಡೆದವನು ಗಾವ್ರಿಲೊ ಪ್ರಿನ್ಸಿಪ್ ಎಂಬ ಸರ್ಬ್ ಹುಡುಗ, ವಯಸ್ಸು 19. ಇಪ್ಪತ್ತು ತುಂಬಿರಲಿಲ್ಲ ಎಂಬ ಕಾರಣಕ್ಕೆ ಅಲ್ಲಿನ ಕಾನೂನಿನಲ್ಲಿ ಅವನಿಗೆ ಗಲ್ಲು ಇರಲಿಲ್ಲ. ಇಷ್ಟು ಹೇಳಿದರೆ ಸಾಕು, ಮೂಲೆಯಲ್ಲಿ ಆಕಳಿಸುತ್ತಿದ್ದ ಪಿಯುಸಿ ಹುಡುಗನೂ ಎದ್ದು ಕೂರುತ್ತಾನೆ.

ಪ್ರತಿ ಸುತ್ತಿನಲ್ಲೂ ಮೊದಲು ದೊಡ್ಡ ಹಾಳೆಯಲ್ಲಿ ತಾರೀಕು ಬರೆಯಿರಿ. ಆ ತಾರೀಕಿನವರೆಗೆ ಗೊತ್ತಿದ್ದದ್ದನ್ನು ಮಾತ್ರ ಬಳಸಿ ಮಾತಾಡಬೇಕು. ಜುಲೈ 5ರ ಸುಮಾರಿಗೆ ಜರ್ಮನಿ ಆಸ್ಟ್ರಿಯಾಕ್ಕೆ "ನೀನು ಏನು ಮಾಡಿದರೂ ನಾನಿದ್ದೇನೆ" ಎಂದಿತು. 23ಕ್ಕೆ ಆಸ್ಟ್ರಿಯಾ ಸರ್ಬಿಯಾಕ್ಕೆ 48 ಗಂಟೆಯ ಗಡುವು ಕೊಟ್ಟಿತು. 25ಕ್ಕೆ ಸರ್ಬಿಯಾ ಹೆಚ್ಚಿನ ಷರತ್ತು ಒಪ್ಪಿತು, ಆಸ್ಟ್ರಿಯಾದ ಅಧಿಕಾರಿಗಳು ತನ್ನ ನೆಲದಲ್ಲಿ ತನಿಖೆ ಮಾಡುವುದನ್ನು ಮಾತ್ರ ಒಪ್ಪಲಿಲ್ಲ. 28ಕ್ಕೆ ಆಸ್ಟ್ರಿಯಾ ಯುದ್ಧ ಸಾರಿತು. ಇಲ್ಲಿಯವರೆಗೆ ಇಬ್ಬರದೇ ಜಗಳ. ಇಲ್ಲಿ ಆಟ ನಿಲ್ಲಿಸಿ ಚಹಾ, ಹಲಸಿನ ಹಪ್ಪಳ ಆಗಲಿ. "ಇದು ಇಷ್ಟಕ್ಕೇ ನಿಲ್ಲಬಹುದಿತ್ತಾ?" ಎಂದು ಕೇಳಿ ನೀವು ಸುಮ್ಮನೆ ಕೂರಿ.

ಜುಲೈ 30ಕ್ಕೆ ರಷ್ಯಾ ತನ್ನ ಇಡೀ ಸೈನ್ಯ ಸೇರಿಸಲು ಆದೇಶ ಕೊಡುತ್ತದೆ. ಮಕ್ಕಳು ತಪ್ಪದೆ ಎಡವುವುದು ಇಲ್ಲಿ. ತನ್ನ ದೇಶದೊಳಗೆ ತನ್ನ ಸೈನ್ಯ ಸೇರಿಸಿದರೆ ಜರ್ಮನಿಗೇನು ಕಷ್ಟ? ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸುಗಳನ್ನು ನೆನಪು ಮಾಡಿಸಿ. ಒಬ್ಬ ಟೈಮಿಗಿಂತ ಎರಡು ನಿಮಿಷ ಮೊದಲೇ ಎಂಜಿನ್ ಚಾಲೂ ಮಾಡಿದರೆ, ಇನ್ನೊಬ್ಬ ಡ್ರೈವರ್ ಚಹಾ ಅರ್ಧಕ್ಕೆ ಬಿಟ್ಟು ಸೀಟಿಗೆ ಹಾರುತ್ತಾನಲ್ವಾ? ಜರ್ಮನಿಯ ಲೆಕ್ಕಾಚಾರ ಪೂರ್ತಿ ನಿಂತಿದ್ದದ್ದು ರಷ್ಯಾ ನಿಧಾನ ಎಂಬುದರ ಮೇಲೆ. ರೈಲುಗಳ ವೇಳಾಪಟ್ಟಿ ವರ್ಷಗಳ ಮೊದಲೇ ತಯಾರಾಗಿತ್ತು. ಕಾದರೆ ಯೋಜನೆಯೇ ಹಾಳು. ಆಗಸ್ಟ್ 1ಕ್ಕೆ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸ್ ಮೇಲೆ ಜರ್ಮನಿ ಯುದ್ಧ ಸಾರಿತು. 4ಕ್ಕೆ ಬೆಲ್ಜಿಯಂ ಒಳಗೆ ಹೊಕ್ಕಿತು, ಅವತ್ತೇ ರಾತ್ರಿ ಬ್ರಿಟನ್ ಯುದ್ಧಕ್ಕಿಳಿಯಿತು.

ಮಕ್ಕಳು ಮಾತುಕತೆಯಲ್ಲೇ ಯುದ್ಧ ತಪ್ಪಿಸಿಬಿಟ್ಟರೆ "ಹಾಗಲ್ಲ, ಹಾಗಾಗಲಿಲ್ಲ" ಎಂದು ಬಾಯಿ ಹಾಕಬೇಡಿ. ದೊಡ್ಡವರು ಆಟ ಕೆಡಿಸುವುದೇ ಹೀಗೆ. ತಪ್ಪಿಸಲಿ. ಆಮೇಲೆ, ನಿಮಗೆ ಸಾಧ್ಯವಾದದ್ದು ಅವರಿಗೆ ಯಾಕೆ ಆಗಲಿಲ್ಲ ಎಂದು ಕೇಳಿ. ಆ ದೊರೆಗಳು ಸಂಬಂಧಿಕರೇ ಅಲ್ಲವಾ ಎಂದು ಒಂದು ವಂಶವೃಕ್ಷವನ್ನೂ ಬರೆದು ತೋರಿಸಿ. ಬ್ರಿಟನ್ನಿನ ಐದನೇ ಜಾರ್ಜ್‌ಗೆ ಜರ್ಮನಿಯ ಚಕ್ರವರ್ತಿ ಕೈಸರ್ ಸೋದರತ್ತೆಯ ಮಗ, ರಷ್ಯಾದ ಚಕ್ರವರ್ತಿ ಝಾರ್ ಚಿಕ್ಕಮ್ಮನ ಮಗ. ಮದುವೆಮನೆಯಲ್ಲಿ ಒಂದೇ ಸಾಲಿನಲ್ಲಿ ಊಟಕ್ಕೆ ಕೂರುವವರು ಮಾರಾಯ್ರೆ!

ಹತ್ತು ನಿಮಿಷದ ಯೂಟ್ಯೂಬ್ ವಿಡಿಯೊ ತೋರಿಸಿದರೆ ಆಗದಾ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅವುಗಳಲ್ಲಿ ಬಾಣದ ಗುರುತುಗಳು ಓಡಾಡುತ್ತವೆ, ಯಾರೂ ಹಿಂದೆಮುಂದೆ ನೋಡುವುದೇ ಇಲ್ಲ. ಟ್ಯಾಂಕ್ ಓಡಿಸುವ ಗೇಮ್‌ಗಳಿಂದ ಟ್ಯಾಂಕುಗಳ ಹೆಸರು ಬರುತ್ತದೆ, ಬೇರೇನೂ ಇಲ್ಲ.

ಆಟ ಮುಗಿದ ಮೇಲೆ ಹಳೆ ಮನೆಯೊಂದರ ಅಟ್ಟ ಹತ್ತಿಸಿ. ಹಂಚಿನ ಒಳಮೈಯಲ್ಲಿ ಬಾಸೆಲ್ ಮಿಷನ್ ಎಂದು ಅಚ್ಚಾಗಿರುವುದು ಸಿಕ್ಕರೆ ಒಂದು ಹಂಚು ಕೆಳಗಿಳಿಸಿ, ಧೂಳು ಒರೆಸಿ ಮಕ್ಕಳ ಕೈಗೆ ಕೊಡಿ. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ ಅದು. ಜರ್ಮನ್ ಮಿಷನರಿಗಳು ಇಲ್ಲಿ ಶಾಲೆ, ಅಚ್ಚುಕೂಟ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ನಡೆಸಿದವರು. ಬ್ರಿಟನ್ ಯುದ್ಧ ಸಾರಿದ ಮೇಲೆ ಅವರು ಶತ್ರುದೇಶದ ಪ್ರಜೆಗಳಾದರು. ಸೆರೆಯಲ್ಲಿಟ್ಟು ಆಮೇಲೆ ದೇಶ ಬಿಡಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಕಾಮನ್‌ವೆಲ್ತ್ ಅಚ್ಚಿನ ಹಂಚೂ ಸಿಕ್ಕಿದರೆ ಎರಡನ್ನೂ ಪಕ್ಕಪಕ್ಕ ಇಡಿ.

ಹೆಜ್ಜೆ 5: ಕ್ರಾಂತಿಗೆ ಗೇಣಿಯ ಲೆಕ್ಕ

ಬಾಸ್ಟೀಲ್ ಕೋಟೆ ಒಡೆದದ್ದರಿಂದ ಫ್ರಾನ್ಸಿನ ಕ್ರಾಂತಿ ಶುರು ಮಾಡುವುದು ನನಗೆ ಇಷ್ಟವಿಲ್ಲ. 1789ರ ಜುಲೈ 14ರಂದು ಅಲ್ಲಿದ್ದದ್ದು ಏಳೇ ಕೈದಿಗಳು. ಅದಕ್ಕಿಂತ ಹಳ್ಳಿಯ ಕಡೆ ನೋಡಿ. ಹಿಂದಿನ ವರ್ಷ ಬೆಳೆ ಹೋಗಿತ್ತು, ರೊಟ್ಟಿ ತುಟ್ಟಿಯಾಗಿತ್ತು. ರೈತ ಧಣಿಗೆ ಕೊಡಬೇಕು, ಚರ್ಚಿಗೆ ಕೊಡಬೇಕು, ಉಪ್ಪಿಗೂ ತೆರಿಗೆ ಕಟ್ಟಬೇಕು. ಆ ಬೇಸಿಗೆಯಲ್ಲಿ ರೈತರು ಧಣಿಗಳ ಬಂಗಲೆಗೆ ನುಗ್ಗಿ ಸುಟ್ಟದ್ದು ಲೆಕ್ಕದ ಪುಸ್ತಕಗಳನ್ನು. ಆಗಸ್ಟ್ 4ರ ರಾತ್ರಿ ಧಣಿಗಳ ವಿಶೇಷ ಹಕ್ಕುಗಳನ್ನು ರಾಷ್ಟ್ರೀಯ ಸಭೆಯೇ ರದ್ದು ಮಾಡಿತು.

ಇದು ನಮ್ಮ ಮಕ್ಕಳಿಗೆ ಅರ್ಥವಾಗಲು ಅಜ್ಜ ಅಜ್ಜಿಯರ ಹತ್ತಿರ ಗೇಣಿಯ ವಿಷಯ ಕೇಳಿಸಿ. ಎಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಅಳೆಯಬೇಕಿತ್ತು? ಬೆಳೆ ಹೋದ ವರ್ಷ ಏನು ಮಾಡುತ್ತಿದ್ದರು? 1974ರ ಭೂಸುಧಾರಣೆ ಬಂದಾಗ ಗೇಣಿ ಭೂಮಿ ತಮಗೆ ಬೇಕೆಂದು ಯಾರು ಡಿಕ್ಲರೇಶನ್ ಅರ್ಜಿ ಕೊಟ್ಟರು, ಯಾರು ಹೆದರಿ ಕೊಡಲಿಲ್ಲ? ಒಕ್ಕಲಿನ ಮನೆಯಲ್ಲಿ ಮಾತ್ರ ಕೇಳಿ ಬರಬೇಡಿ, ಭೂಮಿ ಹೋದ ಮನೆಯಲ್ಲೂ ಕೇಳಿ. ಅಲ್ಲಿ ರಕ್ತ ಹರಿದದ್ದು ಇಲ್ಲಿ ಅರ್ಜಿ, ಟ್ರಿಬ್ಯೂನಲ್‌ನಲ್ಲಿ ಹೇಗೆ ಮುಗಿಯಿತು ಎಂದು ಮಕ್ಕಳೇ ಕೇಳುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ ಜತೆಗೆ ಹುಡುಕಿ. ಮಂಗಳೂರಿನ ಬಾವುಟಗುಡ್ಡೆಗೂ ಒಮ್ಮೆ ಕರೆದುಕೊಂಡು ಹೋಗಿ. 1837ರಲ್ಲಿ ಸುಳ್ಯದ ಕಡೆಯಿಂದ ಎದ್ದು ಬಂದ ರೈತರು ಈ ಗುಡ್ಡದಲ್ಲಿ ಬಾವುಟ ಹಾರಿಸಿ ಸುಮಾರು ಎರಡು ವಾರ ಮಂಗಳೂರನ್ನು ಹಿಡಿದಿಟ್ಟುಕೊಂಡಿದ್ದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಈಸ್ಟ್ ಇಂಡಿಯಾ ಕಂಪನಿ ನಗದಾಗಿ ಕೇಳಿದ್ದು ಅವರ ಸಿಟ್ಟಿನ ಒಂದು ಕಾರಣ.

ಇಷ್ಟಾದ ಮೇಲೆ ರಷ್ಯಾ ಸಲೀಸು. 1917ರ ಮಾರ್ಚ್ 8, ಮಹಿಳಾ ದಿನ, ರಾಜಧಾನಿ ಪೆಟ್ರೊಗ್ರಾಡ್‌ನಲ್ಲಿ ಹೆಂಗಸರು ರೊಟ್ಟಿ ಕೇಳಿ ಬೀದಿಗಿಳಿದರು. ಒಂದೇ ವಾರದಲ್ಲಿ ಝಾರ್ ಸಿಂಹಾಸನ ಬಿಟ್ಟ. ನವೆಂಬರಿನಲ್ಲಿ ಲೆನಿನ್‌ನ ಪಕ್ಷ ಅಧಿಕಾರ ಹಿಡಿದು, ಮೊದಲ ಆಜ್ಞೆಗಳಲ್ಲೇ ಭೂಮಿಯ ವಿಷಯ ಎತ್ತಿತು. ಅದನ್ನು ಅಕ್ಟೋಬರ್ ಕ್ರಾಂತಿ ಎನ್ನುವುದು ಅವರ ಹಳೆಯ ಪಂಚಾಂಗ 13 ದಿನ ಹಿಂದಿದ್ದ ಕಾರಣಕ್ಕೆ. ಕ್ರಾಂತಿ ಎಂದರೆ ಬರೀ ಒಳ್ಳೆಯದು ಎಂದು ಮಾತ್ರ ಮುಗಿಸಬೇಡಿ. ಫ್ರಾನ್ಸಿನಲ್ಲಿ 1793-94ರಲ್ಲಿ ತಲೆ ಕಡಿಯುತ್ತಿದ್ದ ಗಿಲೊಟಿನ್ ಯಂತ್ರ, ರಷ್ಯಾದಲ್ಲಿ ಸ್ಟಾಲಿನ್‌ನ ಸೆರೆ ಶಿಬಿರಗಳು, ಇವನ್ನೂ ಸೇರಿಸಿಯೇ ಹೇಳಬೇಕು.

ಹೆಜ್ಜೆ 6: ಈಗ ಹಿಟ್ಲರ್

ಮೊದಲನೇ ಮಹಾಯುದ್ಧ ಮುಗಿದ ಮೇಲಿನ ವರ್ಸೇಲ್ಸ್ ಒಪ್ಪಂದ, 1929ರ ಆರ್ಥಿಕ ಕುಸಿತ, ಜರ್ಮನಿಯ ನಿರುದ್ಯೋಗ, ಇವುಗಳ ನಂತರ ಅವನು ಬರಲಿ. ಹಿಟ್ಲರ್‌ನ ಸೆರೆ ಶಿಬಿರಗಳ ಫೋಟೊಗಳನ್ನು ಮೊದಲೇ ತೋರಿಸಬೇಡಿ. ಮಕ್ಕಳು ಒಂದೋ ಹೆದರುತ್ತಾರೆ, ಇಲ್ಲವೇ ನಾಚಿಕೆ ಮುಚ್ಚಿಕೊಳ್ಳಲು ನಗುತ್ತಾರೆ. ಕಾನೂನುಗಳಿಂದ ಶುರು ಮಾಡಿ. 1933ರಲ್ಲಿ ಯಹೂದಿಗಳ ಅಂಗಡಿಗೆ ಬಹಿಷ್ಕಾರ, ಸರ್ಕಾರಿ ಕೆಲಸದಿಂದ ವಜಾ. 1935ರಲ್ಲಿ ಪೌರತ್ವ ಹೋಯಿತು. 1938ರಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗೆ ಹಾಕಿದರು. 60 ಲಕ್ಷ ಜನರನ್ನು ಕೊಂದದ್ದು ಇಷ್ಟೆಲ್ಲ ಆದ ಮೇಲೆ. ಇದನ್ನು ಹೇಳಿದ ದಿನ ಮಕ್ಕಳನ್ನು ಒಬ್ಬರೇ ಬಿಟ್ಟು ಎದ್ದು ಹೋಗಬೇಡಿ.

ಯುದ್ಧ ನಮ್ಮ ದೇಶಕ್ಕೆ ತಟ್ಟಿದ್ದಕ್ಕೆ ತೂತು ಕಾಸು ಸಾಕು. ಅಜ್ಜಿಯ ಡಬ್ಬಿಯಲ್ಲಿ ಇದ್ದರೆ ತೆಗೆಸಿ. 1943ರಿಂದ 1947ರವರೆಗೆ ಬಂದ ಒಂದು ಪೈಸೆಗೆ ನಡುವೆ ಇಷ್ಟು ದೊಡ್ಡ ತೂತು ಯಾಕೆ? ಲೋಹ ಉಳಿಸಲಿಕ್ಕೆ. ಅದೇ 1943ರಲ್ಲಿ ಬಂಗಾಳದಲ್ಲಿ ಬರ, ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಹಿಂದಿನ ವರ್ಷ ಜಪಾನ್ ಹಿಡಿದ ಬರ್ಮಾದಿಂದ ಅಕ್ಕಿ ಬರುವುದು ನಿಂತಿತ್ತು.

ಚೀನಾ, ಕ್ಯೂಬಾ, ವಿಯೆಟ್ನಾಂ ನೀವು ಹೇಳಬೇಡಿ. ಒಂದನ್ನು ಅವರೇ ಆರಿಸಿಕೊಂಡು ನಿಮಗೆ ಹೇಳಲಿ.

ಎಸ್ಸೆಸ್ಸೆಲ್ಸಿಗೆ ಇಸವಿ ಬೇಡವಾ ಎಂದು ಕೇಳುತ್ತೀರಿ. ಬೇಕು. ಎಲ್ಲ ಮುಗಿದ ಮೇಲೆ ಒಂದೇ ಹಾಳೆಯಲ್ಲಿ ಮಕ್ಕಳ ಕೈಯಲ್ಲೇ ಬರೆಸಿ ಫ್ರಿಜ್ಜಿಗೆ ಅಂಟಿಸಿ. ಗೈಡ್‌ಗಳಲ್ಲಿರುವ ಪಟ್ಟಿ ಹರಿದು ಅಂಟಿಸುವುದು ಬೇಡ. ನಾನು ನೋಡಿದ ಒಂದರಲ್ಲಿ ಅಕ್ಟೋಬರ್ ಕ್ರಾಂತಿಗೆ ಎರಡು ಪುಟದಲ್ಲಿ ಎರಡು ತಾರೀಕು ಇತ್ತು. ಯಾಕೆ ಎಂದು ಬರೆದವರಿಗೂ ಗೊತ್ತಿದ್ದ ಹಾಗಿರಲಿಲ್ಲ.